ಪುಣೆಯ ಬೋನ್ಸಾಯ್ ಸಮಾವೇಶದ ನಂತರ: ನಮ್ಮ ಭಾಗದ ಮರಗಳನ್ನು ಪ್ರದರ್ಶನಕ್ಕೆ ಒಯ್ಯುವ ಕುರಿತು ಚರ್ಚೆ

ಆಲದ ಬೀಳಲು (ಬೆಳಗಾವಿ)

ಮಾನ್ಯ ಸದಸ್ಯರಿಗೆ ನಮಸ್ಕಾರಗಳು. ಕೊಲ್ಹಾಪುರ, ಸಾತಾರಾ ಮಾರ್ಗವಾಗಿ ಹೋದ ಬೆಳಗಾವಿಯ ನಾವೂ, ಸೊಲ್ಲಾಪುರದ ಮಾರ್ಗವಾಗಿ ಬಂದ ವಿಜಯಪುರ, ಬಾಗಲಕೋಟೆಯ ಗೆಳೆಯರೂ ಪುಣೆಯ ಬೋನ್ಸಾಯ್ ಸಮಾವೇಶದಲ್ಲಿ ಕೂಡಿ ನೋಡಿದ್ದನ್ನು, ಬರಲಾಗದೆ ಉಳಿದ ಸದಸ್ಯರಿಗೂ ತಿಳಿಸಬೇಕೆಂದು ಹಲವರು ಕೇಳಿದ್ದಾರೆ. ಆ ವಿವರಗಳ ಜೊತೆಗೆ ಒಂದು ಪ್ರಸ್ತಾವವನ್ನೂ ಇಡುತ್ತಿದ್ದೇನೆ. ಮುಂದಿನ ಸಲ ನಾವು ಬರಿಗೈಯಲ್ಲಿ ಹೋಗಿ ಗಿಡ ಕೊಂಡು ಬರುವುದರ ಬದಲು, ನಮ್ಮ ನೆಲದ ಆಲ, ಬಸರಿ, ಹುಣಸೆ, ಬನ್ನಿ, ದಾಳಿಂಬೆಗಳನ್ನು ಸಿದ್ಧಪಡಿಸಿ ಪ್ರದರ್ಶನದ ಮೇಜಿನ ಮೇಲೆ ಇಡಬೇಕು ಎಂಬುದು ನನ್ನ ಕೋರಿಕೆ.

ಮೊದಲು ಪ್ರಾತ್ಯಕ್ಷಿಕೆಯ ವಿಷಯ ಹೇಳುತ್ತೇನೆ, ಏಕೆಂದರೆ ಇಡೀ ಸಮಾವೇಶದಲ್ಲಿ ನಾವು ಹೆಚ್ಚು ಕಲಿತದ್ದು ಅಲ್ಲಿಯೇ. ವೇದಿಕೆಯ ಮೇಲೆ ತಿರುಗುವ ಹಲಗೆ, ಅದರ ಮೇಲೆ ಹಿಂದೆಂದೂ ರೂಪ ಕೊಡದ ಪೊದೆಯಂಥ ಗಿಡ. ಕಲಾವಿದರು ಬಹಳ ಹೊತ್ತು ಕತ್ತರಿಯನ್ನು ಮುಟ್ಟಲೇ ಇಲ್ಲ. ಬುಡದ ಮಣ್ಣನ್ನು ಬೆರಳಿನಿಂದ ಕೆದರಿ ಬೇರುಗಳು ಎಲ್ಲಿಂದ ಹರಡಿವೆ ಎಂಬುದನ್ನು ಕಂಡುಕೊಂಡರು, ಹಲಗೆಯನ್ನು ನಿಧಾನವಾಗಿ ತಿರುಗಿಸುತ್ತ ಕಾಂಡ ಯಾವ ಕಡೆಯಿಂದ ನೋಡಿದರೆ ಬುಡದಲ್ಲಿ ಅಗಲವಾಗಿ, ಮೇಲೇರಿದಂತೆ ಸಣ್ಣದಾಗಿ ಕಾಣುತ್ತದೆ ಎಂಬುದನ್ನು ಪರೀಕ್ಷಿಸಿದರು, ಆ ನಂತರವೇ ಗಿಡದ ಮುಖ ಯಾವುದು ಎಂದು ನಿರ್ಧರಿಸಿದರು. ಮುಖ ನಿಶ್ಚಯವಾದ ಮೇಲೆ ಯಾವ ಕೊಂಬೆ ಉಳಿಯಬೇಕು, ಯಾವುದು ಹೋಗಬೇಕು ಎಂಬ ಪ್ರಶ್ನೆಗೆ ಉತ್ತರ ತಾನಾಗಿಯೇ ಹೊರಬಂದಂತಿತ್ತು. ಚಿತ್ರಗಳಲ್ಲಿ ಮುಗಿದ ಕೆಲಸವನ್ನಷ್ಟೇ ನೋಡುವ ನಮಗೆ ಈ ಮೊದಲರ್ಧ ಎಲ್ಲಿಯೂ ಸಿಗುವುದಿಲ್ಲ.

ತಂತಿ ಕಟ್ಟುವುದನ್ನು ಹತ್ತಿರದಿಂದ ನೋಡಲು ಅವಕಾಶ ಸಿಕ್ಕಿತು. ಕೊಂಬೆಯ ದಪ್ಪದ ಮೂರನೆಯ ಒಂದು ಭಾಗದಷ್ಟು ದಪ್ಪದ ಅಲ್ಯೂಮಿನಿಯಂ ತಂತಿ, ಸುಮಾರು 45 ಡಿಗ್ರಿ ಓರೆಯಲ್ಲಿ ಸುತ್ತು, ಒಂದೇ ತಂತಿಯ ಎರಡು ತುದಿಗಳಿಂದ ಎರಡು ಕೊಂಬೆಗಳನ್ನು ಹಿಡಿದು ನಡುವೆ ಕಾಂಡದಲ್ಲಿ ಆಧಾರ ಪಡೆಯುವ ಕ್ರಮ, ಬಾಗಿಸುವಾಗ ಬಾಗುವಿನ ಹೊರಬದಿಯಲ್ಲಿ ತಂತಿ ಇರುವಂತೆ ನೋಡಿಕೊಳ್ಳುವ ಎಚ್ಚರ, ಇವೆಲ್ಲ ಓದಿ ತಿಳಿದ ಸಂಗತಿಗಳೇ. ಆದರೂ ಬಾಗಿಸುವವರ ಹೆಬ್ಬೆರಳು ಎಲ್ಲಿ ಊರಿತ್ತು ಎಂಬುದನ್ನು ಕಣ್ಣಾರೆ ಕಂಡ ಮೇಲೆ ಆ ಓದಿಗೆ ಅರ್ಥ ಬಂತು.

ಇನ್ನು ಮಾರಾಟದ ಮಳಿಗೆಗಳ ವಿಷಯ. ಅಲ್ಲಿ ಅತ್ಯಂತ ಹೆಚ್ಚು ಜನ ನೆರೆದಿದ್ದುದು ಜುನಿಪರ್ ಗಿಡಗಳ ಎದುರು. ನಮ್ಮವರಲ್ಲಿಯೂ ಕೆಲವರು ಕೊಂಡರು. ಆ ಗಿಡದ ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಜುನಿಪರ್‌ನಂಥ ಸಮಶೀತೋಷ್ಣ ವಲಯದ ಸೂಚಿಪರ್ಣಿ ಮರಗಳು ಚಳಿಗಾಲದ ವಿಶ್ರಾಂತಿಯನ್ನು ಬಯಸುವಂಥವು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ವಿಜಯಪುರ, ಬಾಗಲಕೋಟೆಯ ಮಾಳಿಗೆಗಳ ಮೇಲೆ ಅವುಗಳನ್ನು ಜೀವಂತವಾಗಿ ಉಳಿಸುವುದೇ ದೊಡ್ಡ ಸಾಹಸವಾಗುತ್ತದೆ, ರೂಪ ಕೊಡುವ ಮಾತು ದೂರವೇ ಉಳಿಯುತ್ತದೆ. ನಮ್ಮ ಊರುಗಳಲ್ಲಿ ಉತ್ಸಾಹದಿಂದ ಆರಂಭಿಸಿದ ಅನೇಕರು ಕೊಂಡು ತಂದ ಮೊದಲ ಗಿಡ ಒಣಗಿದ ಕೂಡಲೇ ಈ ಕಲೆಯನ್ನೇ ಬಿಟ್ಟುಬಿಡುತ್ತಾರೆ. ಸಮಾವೇಶದಿಂದ ವಿಧಾನವನ್ನು ತರೋಣ, ಮರವನ್ನು ಇಲ್ಲಿಯೇ ಆರಿಸಿಕೊಳ್ಳೋಣ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಎಲ್ಲರೂ ಅಭಿಪ್ರಾಯ ತಿಳಿಸಬೇಕೆಂದು ವಿನಂತಿ.

ಗುಮ್ಮಟನಗರಿ (ವಿಜಯಪುರ)

ಅಕ್ಕನವರ ಪ್ರಸ್ತಾವಕ್ಕೆ ನನ್ನ ಸಂಪೂರ್ಣ ಸಮ್ಮತಿ ಇದೆ. ಇದು ಹೊಸ ವಿಚಾರವೂ ಅಲ್ಲ ಎಂಬುದನ್ನು ಕಿರಿಯ ಸದಸ್ಯರ ಗಮನಕ್ಕೆ ತರಲು ಬಯಸುತ್ತೇನೆ. ಮೊದಲ ವಿಶ್ವ ಬೋನ್ಸಾಯ್ ಸಮಾವೇಶ 1989ರಲ್ಲಿ ಜಪಾನಿನ ಒಮಿಯಾದಲ್ಲಿ ನಡೆಯಿತು. 1923ರ ಕಾಂಟೋ ಭೂಕಂಪದಲ್ಲಿ ಟೋಕಿಯೊ ನಗರ ಹಾಳಾದ ನಂತರ ಅಲ್ಲಿನ ಬೋನ್ಸಾಯ್ ಬೆಳೆಗಾರರು ಒಳ್ಳೆಯ ಮಣ್ಣು, ನೀರು, ಗಾಳಿಯನ್ನು ಹುಡುಕಿಕೊಂಡು ಹೋಗಿ 1925ರಲ್ಲಿ ನೆಲೆ ನಿಂತ ಊರು ಅದು. ವಿಶ್ವ ಬೋನ್ಸಾಯ್ ಸ್ನೇಹ ಒಕ್ಕೂಟವೂ ಅದೇ ವರ್ಷ, 1989ರಲ್ಲಿ, ರೂಪುಗೊಂಡಿತು. ಅದರ ಹಿಂದಿದ್ದ ಹಿರಿಯರಲ್ಲಿ ಸಬುರೊ ಕಾಟೊ ಪ್ರಮುಖರು. ಅವರ ನೆನಪಿನಲ್ಲಿಯೇ ಮೇ ತಿಂಗಳ ಎರಡನೆಯ ಶನಿವಾರವನ್ನು ವಿಶ್ವ ಬೋನ್ಸಾಯ್ ದಿನವನ್ನಾಗಿ ಆಚರಿಸಲಾಗುತ್ತದೆ. ಅಲ್ಲಿಂದ ಮುಂದೆ ಈ ಸಮಾವೇಶ ಒರ್ಲಾಂಡೊ, ಸಿಯೋಲ್, ಮ್ಯೂನಿಕ್, ವಾಷಿಂಗ್ಟನ್ ಎಂದು ದೇಶದಿಂದ ದೇಶಕ್ಕೆ ಸಾಗಿತು. 2009ರಲ್ಲಿ ಪೋರ್ಟೊ ರಿಕೊದ ಸಾನ್ ವಾನ್ ನಗರದಲ್ಲಿ, ಅಂದರೆ ನಮ್ಮಂತೆಯೇ ಹಿಮ ಕಾಣದ ಉಷ್ಣವಲಯದ ನಾಡಿನಲ್ಲಿ ನಡೆಯಿತು.

ತೈವಾನ್, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ದೇಶಗಳ ಕಲಾವಿದರು ಜಪಾನಿನ ಪೈನ್ ಮರವನ್ನು ನಕಲು ಮಾಡುತ್ತ ಕೂರಲಿಲ್ಲ. ತಮ್ಮ ಕಡಲ ತೀರದ ಬಂಡೆಗಳಲ್ಲಿ ಉಪ್ಪುಗಾಳಿಗೆ ಮೈಯೊಡ್ಡಿ ಬೆಳೆಯುವ ಪೆಂಫಿಸ್, ಪ್ರೆಮ್ನಾ ಮರಗಳನ್ನು ಬೋನ್ಸಾಯ್ ತಟ್ಟೆಗೆ, ಅಂದರೆ ಆಳವಿಲ್ಲದ ಕುಂಡಕ್ಕೆ, ತಂದು ಲೋಕಕ್ಕೆ ತೋರಿಸಿದರು. ಇಂದು ಆ ಮರಗಳಿಗೆ ಎಲ್ಲ ಕಡೆಯೂ ಮನ್ನಣೆ ಇದೆ. ನಮ್ಮಲ್ಲಿ ಕಡಲಿಲ್ಲ, ಆದರೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿಯೇ ಬದುಕಿ, ಬಿಸಿಲಿಗೆ ಮೈ ಗಟ್ಟಿ ಮಾಡಿಕೊಂಡ ಮರಗಳಿವೆ. ವಿಜಯಪುರದ ಯೋಗಾಪುರದ ದರ್ಗಾದ ಬಳಿಯ ಬಾವೋಬಾಬ್ ಮರವನ್ನು ನೋಡದವರು ಒಮ್ಮೆ ಬಂದು ನೋಡಬೇಕು. ಆಫ್ರಿಕಾ ಮೂಲದ ಆ ದೊಡ್ಡಹುಣಸೆ ಶತಮಾನಗಳಿಂದ ಇಲ್ಲಿ ಬೇರೂರಿದೆ. ಬುಡ ಉಬ್ಬಿ, ಕೊಂಬೆಗಳು ಸಣ್ಣದಾಗಿ ಹರಡುವ ಅದರ ಸ್ವಭಾವವನ್ನು ಬೀಜದಿಂದ ಬೆಳೆಸಿದ ಕುಂಡದ ಗಿಡದಲ್ಲಿಯೂ ತರಬಹುದು. ಎಲೆ ಉದುರಿದ ಕಾಲದಲ್ಲಿ ಅದರ ಅಂದ ಇನ್ನೂ ಹೆಚ್ಚು. ಆ ಕಾಲದಲ್ಲಿ ಮಾತ್ರ ನೀರನ್ನು ಬಹುಮಟ್ಟಿಗೆ ನಿಲ್ಲಿಸಬೇಕು, ಇಲ್ಲವಾದರೆ ಬೇರು ಕೊಳೆಯುತ್ತದೆ.

ಒಂದು ಮಾತಿಗೆ ಮಾತ್ರ ನನ್ನ ತಕರಾರಿದೆ. ಜುನಿಪರ್ ಯಾರಿಗೂ ಬೇಡ ಎನ್ನುವಂತೆ ಬರೆಯುವುದು ಬೆಳಗಾವಿಯವರ ಮಟ್ಟಿಗೆ ಸರಿಯಾಗಲಾರದು. ಸಮುದ್ರ ಮಟ್ಟದಿಂದ 750 ಮೀಟರ್ ಎತ್ತರದಲ್ಲಿರುವ ನಿಮ್ಮ ಊರಿನ ಹವೆಯಲ್ಲಿ, ಗಾಳಿಯಾಡುವ ಜಾಗದಲ್ಲಿ, ನೀರು ನಿಲ್ಲದ ಮಣ್ಣಿನಲ್ಲಿ ಚೀನಾ ಮೂಲದ ಜುನಿಪರ್ ತಳಿಗಳು ಚೆನ್ನಾಗಿಯೇ ಉಳಿಯುತ್ತವೆ.

ಹೊಸ ಸಸಿ (ಜಮಖಂಡಿ)

ಹಿರಿಯರಿಗೆ ನಮಸ್ಕಾರ. ನಾನು ಇತ್ತೀಚೆಗೆ ಸೇರಿದ ಸದಸ್ಯೆ. ನನ್ನಲ್ಲಿರುವುದು ಒಂದು ಬಸರಿ, ಒಂದು ಬೋಗನ್‌ವಿಲ್ಲಾ ಮಾತ್ರ. ಸಮಾವೇಶಕ್ಕೆ ನನ್ನಂಥವರು ಬಂದರೆ ಪ್ರಯೋಜನವಿದೆಯೇ, ಅಥವಾ ಕೆಲವು ವರ್ಷ ಅಭ್ಯಾಸವಾದ ಮೇಲೆ ಬರುವುದು ಮೇಲೆಂದು ನಿಮ್ಮ ಅಭಿಪ್ರಾಯವೇ? ಇನ್ನೊಂದು ಪ್ರಶ್ನೆಯನ್ನೂ ಕೇಳಲೇಬೇಕಾಗಿದೆ. ಅರಳಿ, ಆಲದಂಥ ಪೂಜ್ಯ ಮರಗಳನ್ನು ಕುಂಡದಲ್ಲಿಟ್ಟು ಕುಗ್ಗಿಸುವುದು ಪಾಪ, ಮನೆಗೆ ಏಳಿಗೆಯಾಗುವುದಿಲ್ಲ ಎಂದು ನಮ್ಮ ಮನೆಯಲ್ಲಿ ಅತ್ತೆಯವರು ನೊಂದುಕೊಳ್ಳುತ್ತಾರೆ. ಅವರಿಗೆ ಬೇಸರವಾಗದಂತೆ ಏನು ಹೇಳಬೇಕು ಎಂಬುದು ನನಗೆ ತೋಚುತ್ತಿಲ್ಲ.

ಆಲದ ಬೀಳಲು (ಬೆಳಗಾವಿ)

ತಂಗಿ, ಮೊದಲ ಪ್ರಶ್ನೆಗೆ ಉತ್ತರ ಸರಳವಾಗಿದೆ: ಈಗಲೇ ಬನ್ನಿರಿ. ಬುಡದಿಂದ ತುದಿಯವರೆಗೆ ಒಳ್ಳೆಯ ಮರ ಹೇಗಿರುತ್ತದೆ ಎಂಬುದನ್ನು ನೋಡಿದ ಮೇಲೆ ಕತ್ತರಿ ಹಿಡಿಯುವವರು ಅನಾವಶ್ಯಕವಾಗಿ ಕತ್ತರಿಸುವುದು ಕಡಿಮೆ. ಪ್ರದರ್ಶನದಲ್ಲಿ ಮರದ ಎದುರು ಕುಳಿತು, ಕಣ್ಣನ್ನು ಕುಂಡದ ಅಂಚಿಗಿಂತ ಸ್ವಲ್ಪ ಮೇಲಿನ ಮಟ್ಟಕ್ಕೆ ತಂದು ನೋಡುವ ರೂಢಿಯನ್ನು ಅಲ್ಲಿಯೇ ಮಾಡಿಕೊಳ್ಳಿರಿ. ನಿಂತು ಮೇಲಿನಿಂದ ನೋಡಿದರೆ ಬೋನ್ಸಾಯ್ ಎಂದಿಗೂ ಮರದಂತೆ ಕಾಣುವುದಿಲ್ಲ.

ನಿಮ್ಮ ಅತ್ತೆಯವರ ನೋವನ್ನು ಹಗುರವಾಗಿ ಕಾಣಬಾರದು. ಮರದ ಮೇಲಿನ ಅಕ್ಕರೆಯಿಂದಲೇ ಅವರು ಹಾಗೆ ಹೇಳುತ್ತಾರೆ. ಗಿಡವನ್ನು ಉಪವಾಸ ಕೆಡವಿ ಕುಳ್ಳಾಗಿಸುತ್ತೇವೆ ಎಂಬ ತಿಳಿವಳಿಕೆ ಮಾತ್ರ ನಿಜವಲ್ಲ ಎಂಬುದನ್ನು ಅವರಿಗೆ ತೋರಿಸಿಕೊಡಬಹುದು. ಕುಂಡದ ಗಿಡಕ್ಕೆ ಹೊಲದ ಗಿಡಕ್ಕಿಂತ ಹೆಚ್ಚು ಕ್ರಮವಾಗಿ ಗೊಬ್ಬರ ಕೊಡುತ್ತೇವೆ. ಎರಡು ಮೂರು ವರ್ಷಕ್ಕೊಮ್ಮೆ ಹಳೆಯ ದಪ್ಪ ಬೇರುಗಳನ್ನು ಸವರಿದಾಗ ಹೊಸ ಎಳೆಬೇರುಗಳು ಹೊರಟು, ಗಿಡದ ನೀರು, ಆಹಾರ ಹೀರುವ ಶಕ್ತಿ ಮರುಕಳಿಸುತ್ತದೆ. ವಾಷಿಂಗ್ಟನ್ನಿನ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿರುವ ಬಿಳಿ ಪೈನ್ ಒಂದನ್ನು 1625ರಿಂದ ಕುಂಡದಲ್ಲಿ ಬೆಳೆಸಲಾಗುತ್ತಿದೆ. ಹಿರೋಶಿಮಾದ ಯಾಮಾಕಿ ಮನೆತನದವರು ತಲೆಮಾರುಗಳ ಕಾಲ ಕಾಪಾಡಿಕೊಂಡು ಬಂದ ಆ ಮರ 1945ರ ಅಣುಬಾಂಬ್ ದಾಳಿಯಲ್ಲಿಯೂ ಉಳಿಯಿತು. 1976ರಲ್ಲಿ ಅಮೆರಿಕಕ್ಕೆ ಕೊಡುಗೆಯಾಗಿ ಬಂದ ಬೋನ್ಸಾಯ್‌ಗಳಲ್ಲಿ ಅದೂ ಒಂದು. ಹಿಂಸೆಗೊಳಗಾದ ಮರ ಇಷ್ಟು ಕಾಲ ಬಾಳಲಾರದು. ನಮ್ಮ ನಾಡಿನಲ್ಲಿಯೇ ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಆವರಣದಲ್ಲಿ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನವಿದೆ. ಅತ್ತೆಯವರನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿರಿ. ಆಶ್ರಮದ ಅಂಗಳದಲ್ಲಿ ಆ ಮರಗಳನ್ನು ನೋಡಿದ ಮೇಲೆ ಅವರ ಮನಸ್ಸಿಗೆ ಸಮಾಧಾನವಾಗಬಹುದು. ಆದರೂ ಒಪ್ಪದಿದ್ದರೆ ಬಸರಿ, ಹುಣಸೆ, ದಾಳಿಂಬೆಗಳಲ್ಲಿಯೇ ಮುಂದುವರಿಯಿರಿ.

ವಿಜಯಪುರದ ಕಾಕಾ ಅವರು ಜುನಿಪರ್ ಕುರಿತು ಹೇಳಿದ್ದನ್ನು ಒಪ್ಪುತ್ತೇನೆ. ನನ್ನ ಮಾತು ಬಯಲು ಸೀಮೆಯ ಮಾಳಿಗೆಗಳಿಗೆ ಸೀಮಿತವಾಗಿರಲಿ.

ದಾಳಿಂಬೆ ತೋಟ (ಇಂಡಿ)

ನಾನು ರೈತ. ಬೋನ್ಸಾಯ್‌ಗೆ ಬಂದದ್ದು ದಾಳಿಂಬೆಯ ದಾರಿಯಿಂದ. ದುಂಡಾಣು ಅಂಗಮಾರಿ ರೋಗದ ಹಾವಳಿಯಿಂದ ನಮ್ಮ ಭಾಗದಲ್ಲಿ ಎಷ್ಟೋ ತೋಟಗಳನ್ನು ಬುಡಸಮೇತ ಕಿತ್ತು ಹಾಕಿದ್ದನ್ನು ಎಲ್ಲರೂ ಬಲ್ಲರು. ಹಾಗೆ ಕಿತ್ತ ಹಳೆಯ ಬೊಡ್ಡೆಗಳು ಬದುವಿನ ಮೇಲೆ ಒಣಗಿ ಉರುವಲಾಗುತ್ತವೆ. ಜಪಾನಿನವರು ದಾಳಿಂಬೆಯ ತಿರುಚಿದ ಕಾಂಡವನ್ನು ಬಹಳ ಮೆಚ್ಚುತ್ತಾರೆಂದು ಪುಣೆಯ ಉಪನ್ಯಾಸದಲ್ಲಿ ಕೇಳಿದಾಗ, ನಾವು ಒಲೆಗೆ ಹಾಕುತ್ತಿರುವುದು ಎಂಥ ವಸ್ತು ಎಂಬ ಯೋಚನೆ ನನ್ನನ್ನು ಬಿಡಲಿಲ್ಲ.

ಆದರೆ ಎಚ್ಚರಿಕೆಯ ಮಾತೊಂದಿದೆ. ರೋಗ ಬಂದ ತೋಟದ ಬೊಡ್ಡೆಯನ್ನು ಆರೋಗ್ಯವಂತ ಗಿಡಗಳ ಬಳಿ ತರಬೇಡಿರಿ. ಕಾಯಿಯ ಮೇಲೆ ಎಣ್ಣೆ ತಾಗಿದಂಥ ಕಲೆಗಳು, ಗಿಣ್ಣುಗಳಲ್ಲಿ ಕಪ್ಪಾಗಿ ಬಿರಿದ ಗಾಯಗಳು ಕಂಡ ತೋಟವನ್ನು ಬಿಟ್ಟು, ಮುಪ್ಪಾಯಿತೆಂದು ಅಥವಾ ಬೆಳೆ ಬದಲಿಸಲೆಂದು ಕೀಳುವ ತೋಟಗಳನ್ನು ಹುಡುಕಬೇಕು. ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸುವುದನ್ನು ಎಂದಿಗೂ ತಪ್ಪಿಸಬಾರದು. ಕಿತ್ತ ಬೊಡ್ಡೆಯ ದೊಡ್ಡ ಬೇರುಗಳನ್ನು ಗರಗಸದಿಂದ ಮಟ್ಟಸವಾಗಿ ಕೊಯ್ದು, ಎಳೆಬೇರು ಇದ್ದಷ್ಟನ್ನು ಉಳಿಸಿ, ಮೊದಲ ವರ್ಷ ಬೋನ್ಸಾಯ್ ತಟ್ಟೆಗೆ ಹಾಕದೆ ಆಳವಾದ ಪೆಟ್ಟಿಗೆಯಲ್ಲಿ ಮರಳು ಹೆಚ್ಚಿರುವ ಮಣ್ಣಿನಲ್ಲಿ ನೆರಳಿಗೆ ಇಡಬೇಕು. ಎಷ್ಟು ಚಿಗುರು ಬಂದರೂ ಆ ವರ್ಷ ಕತ್ತರಿಸಬಾರದು, ಚಿಗುರಿದಷ್ಟೂ ಬೇರು ಬಲಿಯುತ್ತದೆ.

ಹೂವು, ಕಾಯಿ ಬೇಕೆನ್ನುವವರಿಗೆ ನಮ್ಮ ಬಹಾರದ, ಅಂದರೆ ಹೂ ಬಿಡಿಸುವ ಹಂಗಾಮಿನ, ಪದ್ಧತಿಯೇ ನೆರವಾಗುತ್ತದೆ. ತೋಟದಲ್ಲಿ ಹಸ್ತ ಬಹಾರ, ಅಂಬೆ ಬಹಾರಗಳಿಗೆ ಮೊದಲು ನೀರು ನಿಲ್ಲಿಸಿ, ಎಲೆ ಹಳದಿಯಾಗಿ ಉದುರಿದ ಮೇಲೆ ಸವರಿ, ಗೊಬ್ಬರ ಕೊಟ್ಟು ಮತ್ತೆ ನೀರು ಬಿಡುತ್ತೇವಲ್ಲ, ಅದನ್ನೇ ಕುಂಡದಲ್ಲಿ ಇನ್ನೂ ಮೃದುವಾಗಿ ಮಾಡಬೇಕು. ಕುಂಡದಲ್ಲಿ ಮಣ್ಣು ಬೇಗ ಒಣಗುವುದರಿಂದ ಹೊಲದಷ್ಟು ದಿನ ಕಾಯಿಸುವಂತಿಲ್ಲ. ಸಮಾವೇಶ ಚಳಿಗಾಲದ ಕೊನೆಗೆ ಇರುವುದಾದರೆ ಹಸ್ತ ಬಹಾರದ ಲೆಕ್ಕ ಹಿಡಿದರೆ ಮೇಜಿನ ಮೇಲೆ ಕಾಯಿ ಹೊತ್ತ ಗಿಡವನ್ನು ಇಡಬಹುದು. ಒಂದು ಗಿಡಕ್ಕೆ ಎರಡು ಅಥವಾ ಮೂರು ಕಾಯಿ ಸಾಕು, ಉಳಿದವನ್ನು ಎಳೆಯವಾಗಿರುವಾಗಲೇ ಕಿತ್ತುಹಾಕಬೇಕು.

ನವನಗರ ಹಸಿರು (ಬಾಗಲಕೋಟೆ)

ಇಂಡಿಯ ಅಣ್ಣನವರು ಬರೆದದ್ದು ಯಾವ ಕಾರ್ಯಾಗಾರದಲ್ಲಿಯೂ ಸಿಗದ ಜ್ಞಾನ. ಮೂಲಸಸ್ಯಗಳ ವಿಷಯ ಬಂದದ್ದರಿಂದ ಕಾನೂನಿನ ಮಾತನ್ನು ಸೇರಿಸುತ್ತೇನೆ. ಕಾಡಿನಿಂದ ಗಿಡ ಕೀಳುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಖಾನಾಪುರ, ಲೋಂಡಾ ಕಡೆಯ ಕಾಡುಗಳಲ್ಲಿ ಚೆಂದದ ಕವಳಿ, ಕಾಡುಮಲ್ಲಿಗೆಯ ಬೊಡ್ಡೆಗಳನ್ನು ಕಂಡು ಮನಸ್ಸು ಚಂಚಲವಾದರೂ ಅವನ್ನು ಅಲ್ಲಿಯೇ ಬಿಡಬೇಕು. ವಿಜಯಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಸ್ಮಾರಕಗಳ ಗೋಡೆಯಲ್ಲಿ ಹುಟ್ಟಿದ ಅರಳಿ, ಆಲದ ಸಸಿಗಳನ್ನು ಕೀಳುವುದಕ್ಕೂ ನಮಗೆ ಅಧಿಕಾರವಿಲ್ಲ. ಬೇರಿನ ಜೊತೆ ಕಲ್ಲೂ ಕಿತ್ತುಬರಬಹುದಾದ್ದರಿಂದ ಅದು ಪುರಾತತ್ವ ಇಲಾಖೆಯವರೇ ಮಾಡಬೇಕಾದ ಕೆಲಸ.

ಗೋಡೆಯಲ್ಲಿ ಬೆಳೆದ ಆಲ, ಬಸರಿಗಳು ಬೋನ್ಸಾಯ್‌ಗೆ ಅತ್ಯುತ್ತಮ ಎಂಬುದು ನಿಜ. ಮಣ್ಣು ಸಿಗದೆ ಕಲ್ಲು, ಗಾರೆಯ ಸಂದಿಯಲ್ಲಿ ಹರಡಿದ ಬೇರು ಚಪ್ಪಟೆಯಾಗಿ ಎಲ್ಲ ದಿಕ್ಕಿಗೂ ಚಾಚಿಕೊಂಡಿರುತ್ತದೆ. ನಾವು ತಟ್ಟೆಯಲ್ಲಿ ಎಷ್ಟೋ ವರ್ಷ ಶ್ರಮಿಸಿ ತರುವ ಬೇರುಹರವು ಅಲ್ಲಿ ತಾನಾಗಿಯೇ ಬಂದಿರುತ್ತದೆ. ಆಲಮಟ್ಟಿ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಅರ್ಧ ಊರು ನವನಗರಕ್ಕೆ ಬಂದ ಮೇಲೆ, ಅಲ್ಲಿ ಬಿಟ್ಟುಬಂದ ಮನೆಗಳ ಗೋಡೆಗಳಲ್ಲಿ ಇಂಥ ಗಿಡಗಳು ಬಹಳ ಇವೆ. ಖಾಸಗಿ ಮನೆಗಳಲ್ಲಿ ಮಾಲೀಕರ ಒಪ್ಪಿಗೆ ಪಡೆದು, ಮಳೆಗಾಲದ ಆರಂಭದಲ್ಲಿ ತೆಗೆದರೆ ಉಳಿಯುತ್ತವೆ.

ಪ್ರಸ್ತಾವದ ವಿಷಯದಲ್ಲಿ ನನ್ನದೊಂದು ಸೇರ್ಪಡೆ ಇದೆ. 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ನಮ್ಮ ಊರಿನಲ್ಲಿಯೇ ಇದೆ, ಗೋಕಾಕದ ಬಳಿಯ ಅರಭಾವಿಯಲ್ಲಿ ಅದರ ಹಳೆಯ ಮಹಾವಿದ್ಯಾಲಯವಿದೆ. ಬಾಗಲಕೋಟೆಯ ತೋಟಗಾರಿಕೆ ಮೇಳಕ್ಕೆ ಮೂರೂ ಜಿಲ್ಲೆಗಳ ರೈತರು ಬರುತ್ತಾರೆ. ಪುಣೆಗೆ ಒಯ್ಯುವ ಮೊದಲು ನಮ್ಮ ಗಿಡಗಳನ್ನು ಆ ಮೇಳದಲ್ಲಿ ಇಡಲು ಅನುಮತಿ ಕೇಳೋಣ. ಬೆಂಗಳೂರಿನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲಿ ಬೋನ್ಸಾಯ್‌ಗೆ ಸ್ಥಳವಿರುವಂತೆ ಇಲ್ಲಿಯೂ ಇರಲಿ. ತಾವೇ ಬೆಳೆದ ದಾಳಿಂಬೆಯನ್ನು ತಟ್ಟೆಯಲ್ಲಿ ಕಂಡ ರೈತರು ಬೊಡ್ಡೆಗಳನ್ನು ಉರುವಲಿಗೆ ಕೊಡುವ ಮುನ್ನ ನಮ್ಮನ್ನು ನೆನೆಯುತ್ತಾರೆ.

ಕುಂಬಾರ ಚಕ್ರ (ಖಾನಾಪುರ)

ಕುಂಡಗಳ ಬಗ್ಗೆ ಯಾರೂ ಮಾತನಾಡದಿರುವುದರಿಂದ ಬರೆಯುತ್ತಿದ್ದೇನೆ. ನಾವು ತಲೆಮಾರುಗಳಿಂದ ಮಣ್ಣಿನ ಕೆಲಸದವರು. ಖಾನಾಪುರದ ಜೇಡಿಮಣ್ಣು ಹೆಂಚಿಗೂ ಮಡಕೆಗೂ ಹೆಸರಾದದ್ದು, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಇಲ್ಲಿಯೇ ಇದೆ. ಪುಣೆಯಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು ಗಿಡಗಳ ಎದುರಲ್ಲ, ಕುಂಡಗಳ ಮಳಿಗೆಗಳಲ್ಲಿ. ಜಪಾನ್, ಚೀನಾದ ಕುಂಡಗಳನ್ನು ಸುಮಾರು 1200 ಡಿಗ್ರಿಗೂ ಮೇಲಿನ ಶಾಖದಲ್ಲಿ ಸುಡುತ್ತಾರೆ. ಅಲ್ಲಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವುದರಿಂದ, ನೀರು ಹೀರುವ ಮಣ್ಣಿನ ಕುಂಡ ಬಿರಿದುಹೋಗುತ್ತದೆ. ನಮ್ಮಲ್ಲಿ ಆ ಭಯವಿಲ್ಲ. ಕಡಿಮೆ ಶಾಖದಲ್ಲಿ ಸುಟ್ಟ ನಮ್ಮ ಕೆಂಪು ಕುಂಡ ಮೈಯಿಂದ ನೀರು ಆರಿಸಿಕೊಂಡು ಬೇರಿಗೆ ತಂಪು ಕೊಡುತ್ತದೆ.

ಅದರ ದೋಷವನ್ನೂ ಹೇಳಬೇಕು. ತೆಳ್ಳಗೆ ಮಾಡಿದರೆ ಮೂಲೆ ಒಡೆಯುತ್ತದೆ, ಆದ್ದರಿಂದ ಅಂಚು ಸ್ವಲ್ಪ ದಪ್ಪವಿರಬೇಕು. ಆಳವಿಲ್ಲದ ಕುಂಡ ಬೇಸಿಗೆಯಲ್ಲಿ ಬೇಗ ಒಣಗುತ್ತದೆ, ಹಾಗಾಗಿ ಕೆಳಗೆ ಹಸಿ ಮರಳಿನ ತಟ್ಟೆ ಬೇಕು. ವಿಜಯಪುರದ ಕೊಳವೆ ಬಾವಿಯ ಗಡಸು ನೀರು ಹಾಕಿದರೆ ಹೊರಮೈ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಅಳತೆಯ ವಿಷಯದಲ್ಲಿ ಪ್ರದರ್ಶನದವರು ಹೇಳುವ ಲೆಕ್ಕ ನನಗೆ ಒಪ್ಪಿಗೆಯಾಗಿದೆ: ಕುಂಡದ ಉದ್ದ ಮರದ ಎತ್ತರದ ಮೂರನೆಯ ಎರಡು ಭಾಗ, ಆಳ ಕಾಂಡದ ಬುಡದ ದಪ್ಪದಷ್ಟು. ಬಸಿಯುವ ತೂತುಗಳನ್ನು ಹೆಬ್ಬೆರಳು ತೂರುವಷ್ಟು ದೊಡ್ಡದಾಗಿ ಇಡುತ್ತೇನೆ, ಗಿಡ ಕಟ್ಟುವ ತಂತಿಗೆ ಬೇರೆಯೇ ಸಣ್ಣ ತೂತುಗಳಿರುತ್ತವೆ, ಒಳಮೈಗೆ ಹೊಳಪು ಬಳಿಯುವುದಿಲ್ಲ. ಹುಣಸೆ, ಬನ್ನಿಗಳಿಗೆ ಹೊಳಪಿಲ್ಲದ ಕಂದು ಕುಂಡವೇ ಗಂಭೀರವಾಗಿ ಒಪ್ಪುತ್ತದೆ. ಕೆಂಪು ಹೂವಿನ ದಾಳಿಂಬೆಗೆ ತಿಳಿಹಸಿರು ಅಥವಾ ನೀಲಿ ಹೊಳಪಿನದು ಚೆಂದ, ಆದರೆ ಆ ಹೊಳಪಿಗೆ ಬೇರೆ ಬಟ್ಟಿ ಬೇಕಾಗುತ್ತದೆ. ಯಾವ ಮರ ಒಯ್ಯಬೇಕೆಂದು ಗೊತ್ತಾದ ಮೇಲೆ ಅದರ ಅಳತೆ ಕಳುಹಿಸಿರಿ. ಒಣಗಿ ಸುಡುವಾಗ ಮಣ್ಣು ಕುಗ್ಗುವ ಲೆಕ್ಕ ಹಿಡಿದು ಮಾಡಬೇಕಾದ್ದರಿಂದ ಕೊನೆಯ ಗಳಿಗೆಯಲ್ಲಿ ಕೇಳಿದರೆ ಆಗುವುದಿಲ್ಲ.

ಗುಮ್ಮಟನಗರಿ (ವಿಜಯಪುರ)

ಖಾನಾಪುರದ ಸಹೋದರರ ಮಾತು ಓದಿ ಬಹಳ ಸಂತೋಷವಾಯಿತು. ಮರ, ಕುಂಡ ಎರಡೂ ನಮ್ಮ ನೆಲದವೇ ಆಗಿ ಮೇಜಿನ ಮೇಲೆ ನಿಲ್ಲುವುದಾದರೆ ಅದಕ್ಕಿಂತ ಹೆಚ್ಚಿನದನ್ನು ನಾನು ಬಯಸಲಾರೆ. ಗಡಸು ನೀರಿನ ವಿಷಯದಲ್ಲಿ ಅವರು ಹೇಳಿದ್ದು ಕುಂಡಕ್ಕೆ ಮಾತ್ರವಲ್ಲ, ಗಿಡಕ್ಕೂ ಅನ್ವಯಿಸುತ್ತದೆ. ಎಲೆಯ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾದರೆ, ಸುಣ್ಣದಂಶದಿಂದ ಬೇರಿಗೆ ಕಬ್ಬಿಣದ ಅಂಶ ಸಿಗುತ್ತಿಲ್ಲವೆಂದು ತಿಳಿಯಬೇಕು. ಮಳೆನೀರನ್ನು ಹಿಡಿದಿಟ್ಟು ವಾರಕ್ಕೊಮ್ಮೆಯಾದರೂ ಅದನ್ನೇ ಧಾರಾಳವಾಗಿ ಹಾಕಿದರೆ ಕುಂಡದೊಳಗಿನ ಲವಣ ತೊಳೆದುಹೋಗುತ್ತದೆ.

ಮಣ್ಣಿನ ಬಗ್ಗೆಯೂ ಒಂದು ಮಾತು ಹೇಳುತ್ತೇನೆ. ಜಪಾನಿನಿಂದ ಬರುವ ಅಕಡಾಮಾ ಮಣ್ಣಿನ ಬೆಲೆ ನಮ್ಮವರ ಕೈಗೆಟಕುವುದಿಲ್ಲ, ಅದು ಅನಿವಾರ್ಯವೂ ಅಲ್ಲ. ಚೆನ್ನಾಗಿ ಬೆಂದ ಇಟ್ಟಿಗೆಯ ಚೂರನ್ನು ಜರಡಿ ಹಿಡಿದು 2ರಿಂದ 6 ಮಿಲಿಮೀಟರ್ ಗಾತ್ರದ್ದನ್ನು ಉಳಿಸಿ, ದೂಳನ್ನು ಪೂರ್ತಿ ತೊಳೆದು, ಜೊತೆಗೆ ದಪ್ಪ ಮರಳು, ಕಳಿತ ಎಲೆಗೊಬ್ಬರ ಬೆರೆಸಿದರೆ ಆಲದ ಜಾತಿಯ ಎಲ್ಲ ಮರಗಳಿಗೂ ಸಾಕಾಗುತ್ತದೆ. ನಮ್ಮ ಎರಿಮಣ್ಣನ್ನು ಮಾತ್ರ ಕುಂಡಕ್ಕೆ ಹಾಕಬೇಡಿರಿ. ಹಸಿಯಾದಾಗ ಹಿಗ್ಗಿ, ಒಣಗಿದಾಗ ಬಿರಿಯುವ ಆ ಮಣ್ಣು ಹೊಲದಲ್ಲಿ ಜೋಳಕ್ಕೆ ವರವಾದರೂ ಕುಂಡದಲ್ಲಿ ಎಳೆಬೇರುಗಳನ್ನು ಹರಿದುಹಾಕುತ್ತದೆ.

ಘಟಪ್ರಭಾ ದಂಡೆ (ಗೋಕಾಕ)

ನಾನು ಪುಣೆಗೆ ಬಂದಿರಲಿಲ್ಲ. ಆದರೆ ಪ್ರದರ್ಶನಕ್ಕೆ ಗಿಡ ಒಯ್ಯುವುದಾದರೆ ಯಾವ ಮರ ಎಂಬುದನ್ನು ಈಗಲೇ ನಿರ್ಧರಿಸುವುದು ಒಳ್ಳೆಯದು. ನನ್ನ ಆಯ್ಕೆ ಹುಣಸೆ. ಕಿರಿದಾದ ಎಲೆ, ಬಿರುಕು ಬಿಟ್ಟ ತೊಗಟೆ, ಬೇಗನೆ ಮುಪ್ಪಿನ ಗಾಂಭೀರ್ಯ ಬರುವ ಕಾಂಡ, ಇವೆಲ್ಲ ಬೋನ್ಸಾಯ್‌ಗೆ ಹೇಳಿ ಮಾಡಿಸಿದಂತಿವೆ. ಆದರೆ ಸಂಜೆಯಾಗುತ್ತಲೇ ಹುಣಸೆಯ ಎಲೆ ಮುಚ್ಚಿಕೊಳ್ಳುತ್ತದೆ. ದೀಪದ ಬೆಳಕಿನ ಸಭಾಂಗಣದಲ್ಲಿ ಇಟ್ಟರೆ ಅದು ಹೇಗೆ ಕಾಣುತ್ತದೆ ಎಂಬ ಚಿಂತೆ ನನಗಿದೆ. ಬನ್ನಿಯನ್ನು ಒಯ್ಯುವ ಮಾತೂ ಬಂದಿದೆ. ವಿಜಯದಶಮಿಗೆ ಬಂಗಾರವೆಂದು ಹಂಚುವ ಮರವನ್ನು ಕುಂಡದಲ್ಲಿ ಕಂಡವರು ನಮ್ಮ ಕಡೆಯವರಲ್ಲಿ ಬಹಳ ಕಡಿಮೆ. ಅದರ ತಾಯಿಬೇರು ಆಳಕ್ಕೆ ಇಳಿಯುವುದರಿಂದ ದೊಡ್ಡ ಮರವನ್ನು ಕೀಳುವುದು ಸಲ್ಲದು, ಬೀಜದಿಂದಲೇ ಬೆಳೆಸಬೇಕು. ನನ್ನ ಬಳಿ ಕೆಲವು ಸಸಿಗಳಿವೆ, ಕಾಂಡ ಇನ್ನೂ ಬೆರಳಿನಷ್ಟೇ ಇದೆ.

ಆಲದ ಬೀಳಲು (ಬೆಳಗಾವಿ)

ಎಲ್ಲರ ಮಾತನ್ನೂ ಗಮನವಿಟ್ಟು ಓದಿದ್ದೇನೆ. ಬನ್ನಿಗೆ ಇನ್ನೂ ವಯಸ್ಸಾಗಬೇಕು. ಅದನ್ನು ನೆಲದಲ್ಲಿ ಅಥವಾ ಅಗಲವಾದ ಪೆಟ್ಟಿಗೆಯಲ್ಲಿ ಬಿಟ್ಟು, ತಾಯಿಬೇರನ್ನು ಚಿಕ್ಕಂದಿನಲ್ಲಿಯೇ ಕತ್ತರಿಸಿ ಪಕ್ಕದ ಬೇರುಗಳನ್ನು ಬಲಪಡಿಸೋಣ. ಮೊದಲ ಸಲಕ್ಕೆ ಒಂದು ಆಲ, ಒಂದು ಬಸರಿ, ಒಂದು ಹುಣಸೆ, ಇಂಡಿಯ ದಾಳಿಂಬೆ, ವಿಜಯಪುರದ ಬಾವೋಬಾಬ್ ಇಷ್ಟೇ ಸಾಕೆಂದು ನನಗನ್ನಿಸುತ್ತದೆ. ಹತ್ತು ಸಾಧಾರಣ ಗಿಡಗಳಿಗಿಂತ ಸರಿಯಾಗಿ ಸಿದ್ಧವಾದ ಕೆಲವೇ ಮರಗಳು ನಮ್ಮ ಭಾಗಕ್ಕೆ ಗೌರವ ತರುತ್ತವೆ. ಹುಣಸೆಯ ಎಲೆ ಮುಚ್ಚುವುದು ಅದರ ಸ್ವಭಾವ, ದೋಷವಲ್ಲ. ತೀರ್ಪುಗಾರರು ಸಾಮಾನ್ಯವಾಗಿ ಬೆಳಗ್ಗೆಯೇ ನೋಡಿ ಮುಗಿಸುತ್ತಾರೆ. ಸಂಜೆ ಬಂದ ಪ್ರೇಕ್ಷಕರಿಗೆ ತಿಳಿಯುವಂತೆ ಒಂದು ಸಣ್ಣ ಫಲಕದಲ್ಲಿ ಆ ವಿಷಯ ಬರೆದಿಟ್ಟರೆ ಅದೂ ಒಂದು ಕಲಿಕೆಯಾಗುತ್ತದೆ.

ಸಿದ್ಧತೆಯ ಕ್ರಮ ಹೀಗಿರಲಿ. ಆಲ, ಬಸರಿಗಳ ಎಲೆಗಳನ್ನು ಪ್ರದರ್ಶನಕ್ಕೆ ಐದಾರು ವಾರ ಮೊದಲು ತೊಟ್ಟು ಉಳಿಸಿ ಕತ್ತರಿಸಬೇಕು. ಹೊಸದಾಗಿ ಬರುವ ಎಲೆ ಚಿಕ್ಕದಾಗಿ, ಮರದ ಗಾತ್ರಕ್ಕೆ ಒಪ್ಪುವಂತಿರುತ್ತದೆ. ಚಳಿ ಜೋರಾಗಿರುವ ವರ್ಷ ಚಿಗುರು ತಡವಾಗುವುದರಿಂದ ಬೆಳಗಾವಿಯವರು ಇನ್ನೂ ಎರಡು ವಾರ ಮುಂಚೆ ಆರಂಭಿಸಬೇಕು. ದುರ್ಬಲವಾದ ಅಥವಾ ಅದೇ ವರ್ಷ ಕುಂಡ ಬದಲಿಸಿದ ಗಿಡಕ್ಕೆ ಈ ಕೆಲಸ ಮಾಡಲೇಬಾರದು. ತಂತಿಯನ್ನು ತೊಗಟೆಗೆ ಕಚ್ಚುವ ಮೊದಲೇ ಬಿಚ್ಚಬೇಕು. ಮಳೆಗಾಲದಲ್ಲಿ ಆಲದ ಕೊಂಬೆ ಎಷ್ಟು ಬೇಗ ದಪ್ಪವಾಗುತ್ತದೆಂದರೆ, ವಾರಕ್ಕೊಮ್ಮೆ ನೋಡದಿದ್ದರೆ ಉಳಿದ ಗುರುತು ವರ್ಷಗಟ್ಟಲೆ ಹೋಗುವುದಿಲ್ಲ. ಮಣ್ಣಿನ ಮೇಲೆ ಹೊದಿಸುವ ಪಾಚಿ ಬಯಲು ಸೀಮೆಯಲ್ಲಿ ನಿಲ್ಲುವುದಿಲ್ಲ, ಅದನ್ನು ಮಳೆಗಾಲದಲ್ಲಿ ಬೆಳಗಾವಿ, ಖಾನಾಪುರದ ನಮ್ಮ ಮನೆಗಳ ಗೋಡೆಗಳಿಂದ ಕೆರೆದು ಒಣಗಿಸಿ ಇಡುತ್ತೇವೆ. ಹೊರಡುವ ಕೆಲವು ವಾರ ಮೊದಲು ಪುಡಿ ಮಾಡಿ ಉದುರಿಸಿ, ನೆರಳಲ್ಲಿ ನೀರು ಚಿಮುಕಿಸುತ್ತಿದ್ದರೆ ಮತ್ತೆ ಹಸಿರಾಗುತ್ತದೆ.

ಸಾಗಾಟದ ವಿಷಯದಲ್ಲಿ ಪುಣೆಯ ಅನುಭವಸ್ಥರು ಹೇಳಿದ್ದನ್ನು ಬರೆದುಕೊಂಡು ಬಂದಿದ್ದೇನೆ. ಹಿಂದಿನ ರಾತ್ರಿ ನೀರು ಹಾಕಿ, ಹೊರಡುವ ಬೆಳಗ್ಗೆ ಹಾಕಬಾರದು, ಏಕೆಂದರೆ ತುಂಬಾ ಒದ್ದೆಯಾದ ಕುಂಡ ಭಾರವೂ ಹೆಚ್ಚು, ಮಣ್ಣೂ ಸಡಿಲ. ಪ್ರತಿ ಕುಂಡವನ್ನೂ ಹಣ್ಣಿನ ಕ್ರೇಟಿನೊಳಗೆ ಇಟ್ಟು, ಗಿಡವನ್ನಲ್ಲ, ಕುಂಡವನ್ನು ಹಗ್ಗದಿಂದ ಕ್ರೇಟಿಗೆ ಬಿಗಿಯಬೇಕು. ವಾಹನ ತೆರೆದದ್ದಾಗಿರಬಾರದು, ದಾರಿಯ ಗಾಳಿ ಕೆಲವೇ ತಾಸುಗಳಲ್ಲಿ ಎಲೆಯ ನೀರನ್ನೆಲ್ಲ ಹೀರುತ್ತದೆ. ವಿಜಯಪುರದವರು ತಮ್ಮ ಗಿಡಗಳನ್ನು ಸೊಲ್ಲಾಪುರದ ಮಾರ್ಗವಾಗಿಯೇ ತರಲಿ, ನಾವು ನಮ್ಮ ಮಾರ್ಗದಲ್ಲಿ ಬರುತ್ತೇವೆ.

ಬಾಗಲಕೋಟೆಯ ತಂಗಿಯವರು ತೋಟಗಾರಿಕೆ ಮೇಳದ ಅನುಮತಿಗೆ ಪತ್ರ ಬರೆಯಲು ಒಪ್ಪಿದರೆ, ಅದರ ಕರಡನ್ನು ಇಲ್ಲಿಯೇ ಹಾಕಲಿ. ಮರಗಳ ಎತ್ತರ, ಬುಡದ ದಪ್ಪದ ಅಳತೆಗಳನ್ನು ಆಯಾ ಮಾಲೀಕರು ಖಾನಾಪುರಕ್ಕೆ ಕಳುಹಿಸಬೇಕು.

ನವನಗರ ಹಸಿರು (ಬಾಗಲಕೋಟೆ)

ಪತ್ರದ ಹೊಣೆಯನ್ನು ನಾನು ವಹಿಸಿಕೊಳ್ಳುತ್ತೇನೆ. ಮರಗಳ ಪಟ್ಟಿಯಲ್ಲಿ ಕನ್ನಡದ ಹೆಸರು, ಸಸ್ಯಶಾಸ್ತ್ರೀಯ ಹೆಸರು, ಸಿಕ್ಕ ಸ್ಥಳ, ಸಾಕುತ್ತಿರುವ ವರ್ಷಗಳು ಇರಬೇಕಾಗುತ್ತದೆ. ಗೋಡೆಯಿಂದ ಅಥವಾ ತೋಟದಿಂದ ತಂದ ಗಿಡಗಳಿಗೆ ಜಾಗದ ಮಾಲೀಕರ ಒಪ್ಪಿಗೆಯ ಚೀಟಿಯನ್ನೂ ಜೊತೆಗಿಡಿರಿ. ಜಮಖಂಡಿಯ ಸದಸ್ಯೆಯವರು ನಮ್ಮಿಂದ ದೂರದಲ್ಲಿಲ್ಲ. ಬಸರಿಯ ಕುಂಡ ಬದಲಿಸುವುದಿದ್ದರೆ ಫೆಬ್ರುವರಿ ಕೊನೆಗೆ ಗಿಡವನ್ನು ಇಲ್ಲಿಗೇ ತರಲಿ, ಕೂಡಿಯೇ ಮಾಡೋಣ.

ಹೊಸ ಸಸಿ (ಜಮಖಂಡಿ)

ಖಂಡಿತವಾಗಿ ಬರುತ್ತೇನೆ. ಅತ್ತೆಯವರಿಗೆ 1625ರ ಮರದ ವಿಷಯ ಓದಿ ಹೇಳಿದೆ. ಅಷ್ಟು ವರ್ಷ ಅದಕ್ಕೆ ಯಾರು ನೀರು ಹಾಕಿದರು ಎಂದು ಕೇಳಿದರು. ಬಸರಿಯನ್ನು ತರುವಾಗ ಅವರೂ ಜೊತೆಗೆ ಬರುತ್ತಾರಂತೆ.